ಪ್ರಿಂಟ್ ಕೆಂಪಗೆ ಬಂದರೆ ಡ್ರೈವರ್ ನೋಡಿ

ಸ್ಕ್ರೀನ್‌ನಲ್ಲಿ ಸರಿಯಾಗಿರೋ ಮುಖ 24 ಇಂಚಿನ ಎಪ್ಸನ್ ಪ್ರಿಂಟರ್‌ನಲ್ಲಿ ಕೆಂಪು-ನೇರಳೆಗೆ ತಿರುಗಿ, ಮಂಕಾಗಿಯೂ ಬರುತ್ತೆ ಅಂದಿದ್ದೀರಿ. ಹೊಸ ಇಂಕ್ ತರೋಕೆ ಹೊರಡಬೇಡಿ, ದುಬಾರಿ ಬಾಬತ್ತು ಅದು.

ಮೊದಲು ನಾಝಲ್ ಚೆಕ್ (ಇಂಕ್ ಬರೋ ಸಣ್ಣ ತೂತುಗಳ ಪರೀಕ್ಷಾ ಪ್ರಿಂಟ್) ತೆಗೀರಿ. ಸಯಾನ್ (ತಿಳಿ ನೀಲಿ) ಗೆರೆಗಳು ತುಂಡು ತುಂಡಾಗಿದ್ದರೆ ಇಂಕ್ ಚಿಮ್ಮಿಸೋ ಹೆಡ್ ಕಟ್ಟಿದೆ, ಕ್ಲೀನ್ ಮಾಡಿದರೆ ಸಾಕು. ಗೆರೆ ಪೂರ್ತಿ ಇದ್ದರೆ ನನ್ನ ಅನುಮಾನ ಡ್ರೈವರ್ (ಕಂಪ್ಯೂಟರಿನಲ್ಲಿ ಪ್ರಿಂಟರ್ ನಡೆಸೋ ಸಾಫ್ಟ್‌ವೇರ್) ಮೇಲೆ: ಫೋಟೋಶಾಪ್ ಒಮ್ಮೆ ಬಣ್ಣ ತಿದ್ದುತ್ತೆ, ಡ್ರೈವರ್ ಅದನ್ನೇ ಮತ್ತೆ ತಿದ್ದುತ್ತೆ. ಒಂದೇ ಸಾಂಬಾರಿಗೆ ಇಬ್ಬರು ಉಪ್ಪು ಹಾಕಿದ ಹಾಗೆ. ಪ್ರಿಂಟ್ ವಿಂಡೋದಲ್ಲಿ 'ಫೋಟೋಶಾಪ್ ಮ್ಯಾನೇಜಸ್ ಕಲರ್ಸ್' ಇಟ್ಟು, ನಿಮ್ಮ ಪೇಪರ್‌ನದೇ ಐಸಿಸಿ ಪ್ರೊಫೈಲ್ (ಆ ಪೇಪರ್ ಮೇಲೆ ಬಣ್ಣ ಹೇಗೆ ಬರುತ್ತೆ ಅಂತ ಹೇಳೋ ಫೈಲ್) ಆರಿಸಿ. ಆಮೇಲೆ ಪ್ರಿಂಟ್ ಸೆಟ್ಟಿಂಗ್ಸ್ ಒಳಗೆ ಹೋಗಿ ಡ್ರೈವರ್‌ನಲ್ಲಿ 'ನೋ ಕಲರ್ ಅಡ್ಜಸ್ಟ್‌ಮೆಂಟ್' ಮಾಡಿ. ಬಹಳ ಜನ ಇಲ್ಲೇ ಎಡವೋದು.

ಡ್ರೈವರ್‌ನಲ್ಲಿ ಮೀಡಿಯಾ ಟೈಪ್ (ಪೇಪರ್ ಬಗೆ) ಕೂಡ ಪ್ರೊಫೈಲ್ ಹೇಳಿದ್ದೇ ಇರಲಿ. ಲಸ್ಟರ್ (ಸ್ವಲ್ಪ ಹೊಳಪಿನ) ಪೇಪರ್ ಹಾಕಿ ಮ್ಯಾಟ್ (ಹೊಳಪಿಲ್ಲದ್ದು) ಅಂತ ಕೊಟ್ಟರೆ ಮ್ಯಾಟ್ ಬ್ಲ್ಯಾಕ್ ಇಂಕು ಪೇಪರ್ ಮೇಲೇ ನಿಂತು, ಉಜ್ಜಿದರೆ ಬೆರಳಿಗೆ ಮಸಿ ಹತ್ತುತ್ತೆ.

ಮಂಕಿನ ಕಥೆ ಬೇರೆ. ಅದು ಸಾಮಾನ್ಯವಾಗಿ ಪ್ರಿಂಟರ್ ತಪ್ಪಲ್ಲ, ಮಾನಿಟರ್ ಬ್ರೈಟ್‌ನೆಸ್ ಜಾಸ್ತಿ ಇರೋದು. ಕ್ಯಾಲಿಬ್ರೇಟರ್ (ಸ್ಕ್ರೀನ್ ಬೆಳಕು, ಬಣ್ಣ ಅಳೆಯೋ ಸಾಧನ) ಸಿಕ್ಕರೆ ಬ್ರೈಟ್‌ನೆಸ್ ಚದರ ಮೀಟರಿಗೆ 100ರಿಂದ 120 ಕ್ಯಾಂಡೆಲಾಗೆ ಇಳಿಸಿ.

ಪರೀಕ್ಷೆಗೆ ರೋಲ್ ಹಾಳುಮಾಡಬೇಡಿ. ಅದೇ ಪೇಪರ್‌ನ ಎ4 ಹಾಳೆ ಸಾಕು.