ಬಾಲ್ಡರ್ಸ್ ಗೇಟ್ 3ರಲ್ಲಿ ಸಮತೋಲನದ ತಂಡ ಕಟ್ಟುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿರುವುದು ಹೀಗೆ: ಬಾಲ್ಡರ್ಸ್ ಗೇಟ್ 3 ನೀವು ಆಡುತ್ತಿರುವ ಮೊದಲ ರೋಲ್ ಪ್ಲೇಯಿಂಗ್ ಆಟ, ತಂಡದಲ್ಲಿ ಇಬ್ಬರು ಫೈಟರ್‌ಗಳು, ಒಬ್ಬ ಬಾರ್ಬೇರಿಯನ್, ಒಬ್ಬ ವಿಝಾರ್ಡ್ (ಮಾಂತ್ರಿಕ) ಇದ್ದಾರೆ, ಪ್ರತಿ ಕಾಳಗದಲ್ಲೂ ಮೊದಲು ವಿಝಾರ್ಡ್ ಬೀಳುತ್ತಾನೆ, ಆಮೇಲೆ ಉಳಿದವರು ಒಬ್ಬೊಬ್ಬರಾಗಿ ಬೀಳುತ್ತಾರೆ. ಸಮತೋಲನದ ತಂಡ ಎಂದರೇನು, ಆಟವನ್ನು ಮೊದಲಿನಿಂದ ಶುರು ಮಾಡಬೇಕೆ ಎಂದು ಕೇಳಿದ್ದೀರಿ. ಎರಡನೆಯ ಪ್ರಶ್ನೆಗೆ ಉತ್ತರ ಸುಲಭ: ಬೇಕಿಲ್ಲ. ನಿಮ್ಮ ಬಿಡಾರಕ್ಕೆ ಬಂದು ಸೇರಿಕೊಳ್ಳುವ ವಿದರ್ಸ್ ಎಂಬ ಒಣಗಿದ ಹೆಣದಂಥ ಮುದುಕ 100 ಚಿನ್ನದ ನಾಣ್ಯಗಳಿಗೆ ಯಾರ ಕ್ಲಾಸನ್ನು, ಅಂದರೆ ಪಾತ್ರದ ವೃತ್ತಿಯನ್ನು, ಬೇಕಾದರೂ ಬದಲಿಸಿಕೊಡುತ್ತಾನೆ. ಮೊದಲನೆಯ ಪ್ರಶ್ನೆಗೆ ಮಾತ್ರ ಸ್ವಲ್ಪ ಉದ್ದದ ಉತ್ತರವೇ ಬೇಕು.

ಒಬ್ಬ ಫೈಟರ್, ಒಬ್ಬ ಕ್ಲೆರಿಕ್ (ದೇವರ ಬಲದಿಂದ ಮಂತ್ರ ಹಾಕುವ ಪುರೋಹಿತ), ಒಬ್ಬ ಕಳ್ಳ, ಒಬ್ಬ ಮಾಂತ್ರಿಕ ಇದ್ದರೆ ತಂಡ ಪೂರ್ಣವಾಯಿತು ಎಂದು ಎಲ್ಲರೂ ಹೇಳುತ್ತಾರೆ. ಈ ಮಾತು ಹುಟ್ಟಿದ್ದು ಕಂಪ್ಯೂಟರ್ ಆಟಗಳಲ್ಲಲ್ಲ. ಕಾಗದ, ದಾಳ ಹಿಡಿದು ಆಡುವ 1974ರ ಡಂಜನ್ಸ್ ಅಂಡ್ ಡ್ರಾಗನ್ಸ್‌ನಲ್ಲಿ ಇದ್ದದ್ದು ಮೂರೇ ಕ್ಲಾಸ್. ಕಳ್ಳ ಬಂದು ಸೇರಿದ್ದು ಮರುವರ್ಷದ ಪುರವಣಿಯಲ್ಲಿ. 1981ರ ವಿಝರ್ಡ್ರಿ ಆಟದಲ್ಲಿ ಆರು ಜನರ ಸಾಲು ಇರುತ್ತಿತ್ತು, ಅದರಲ್ಲಿ ಮುಂದಿನ ಮೂವರು ಮಾತ್ರ ಕತ್ತಿ ಬೀಸಬಹುದಾಗಿತ್ತು. ಹಾಗಾಗಿ ಗಟ್ಟಿ ಮೈಯವರು ಮೂವರು ಮುಂದೆ, ಮಂತ್ರ ಬಲ್ಲವರು ಹಿಂದೆ ಎಂಬುದು ಆ ಆಟದಲ್ಲಿ ಅಭಿರುಚಿಯ ವಿಷಯವಾಗಿರಲಿಲ್ಲ, ನಿಯಮವೇ ಹಾಗೆ ಮಾಡಿಸುತ್ತಿತ್ತು. ನಿಯಮಗಳು ಬದಲಾದ ಮೇಲೂ ಪಟ್ಟಿ ಮಾತ್ರ ಹಾಗೆಯೇ ಉಳಿದುಕೊಂಡಿದೆ. ಆದ್ದರಿಂದ ಕ್ಲಾಸ್‌ಗಳ ಹೆಸರನ್ನು ಎಣಿಸುವುದನ್ನು ಬಿಟ್ಟು, ನೀವು ಆಡುತ್ತಿರುವ ಆಟದ ನಿಯಮಗಳಲ್ಲಿ ಒಂದು ಕಾಳಗ ಗೆಲ್ಲಲು ಯಾವ ಯಾವ ಕೆಲಸ ಆಗಬೇಕು, ಆ ಕೆಲಸ ಮಾಡುವವನು ಬಿದ್ದರೆ ಅದನ್ನು ಯಾರು ಎತ್ತಿಕೊಳ್ಳುತ್ತಾರೆ ಎಂದು ಎಣಿಸಬೇಕು ಎಂಬುದು ನನ್ನ ಅಭಿಪ್ರಾಯ. ನಾನು ಇದಕ್ಕೆ ಒಂದೂವರೆ ಲೆಕ್ಕ ಎನ್ನುತ್ತೇನೆ: ಪ್ರತಿ ಮುಖ್ಯ ಕೆಲಸಕ್ಕೂ ಅದನ್ನು ಚೆನ್ನಾಗಿ ಮಾಡುವವರು ಒಬ್ಬರು, ಸುಮಾರಾಗಿ ಮಾಡುವವರು ಇನ್ನೊಬ್ಬರು.

ಈ ಲೆಕ್ಕವನ್ನು ನಾನು ಕಲಿತದ್ದು ಪೆಟ್ಟು ತಿಂದೇ. 2000ದಲ್ಲಿ ಬಂದ ಬಾಲ್ಡರ್ಸ್ ಗೇಟ್ 2ರಲ್ಲಿ ಟ್ರೋಲ್ ಎಂಬ ದೈತ್ಯರು ಆಕ್ರಮಿಸಿಕೊಂಡ ಒಂದು ಕೋಟೆ ಬರುತ್ತದೆ. ನನ್ನ ಆರು ಜನರಲ್ಲಿ ನಾಲ್ವರು ಕತ್ತಿ ಹಿಡಿದವರು, ಒಬ್ಬ ಕ್ಲೆರಿಕ್, ಒಬ್ಬ ಕಳ್ಳ. ಕಾಗದದ ಮೇಲೆ ಬಹಳ ಬಲವಾದ ತಂಡ. ಟ್ರೋಲ್ ಬೇಗನೆ ನೆಲಕ್ಕೆ ಬಿತ್ತು. ಮುಂದಿನದರ ಕಡೆ ತಿರುಗಿದೆ. ಅಷ್ಟರಲ್ಲಿ ಮೊದಲನೆಯದು ಎದ್ದು ಕುಳಿತು, ನನ್ನ ಕಳ್ಳನ ಬೆನ್ನ ಹಿಂದೆ ನಿಂತಿತು. ಬಿದ್ದ ಟ್ರೋಲನ್ನು ಬೆಂಕಿಯಿಂದಲೋ ಆಮ್ಲದಿಂದಲೋ ಮುಗಿಸದಿದ್ದರೆ ಅದು ಸಾಯುವುದಿಲ್ಲ, ಗಾಯ ಮಾಯಿಸಿಕೊಂಡು ಮತ್ತೆ ಏಳುತ್ತದೆ. ನನ್ನ ನಾಲ್ವರು ವೀರರ ಕೈಯಲ್ಲಿ ಇದ್ದದ್ದೆಲ್ಲ ಬರೀ ಕಬ್ಬಿಣ. ವಾಪಸು ಹೋಗಿ ಬೆಂಕಿಯ ಬಾಣಗಳನ್ನು ತಂದ ಮೇಲೆ, ತಂಡದಲ್ಲಿ ಅತ್ಯಂತ ದುರ್ಬಲ ಎಂದು ನಾನು ಅಂದುಕೊಂಡಿದ್ದ ಕಳ್ಳನೇ ಬಿದ್ದ ಪ್ರತಿ ಟ್ರೋಲಿಗೂ ಒಂದೊಂದು ಬಾಣ ಹೊಡೆದು ಕೋಟೆ ಗೆದ್ದುಕೊಟ್ಟ. ಕ್ಲಾಸ್ ಒಂದೂ ಬದಲಾಗಿರಲಿಲ್ಲ. ಆಗದೇ ಉಳಿದಿದ್ದ ಕೆಲಸಕ್ಕೆ ಒಬ್ಬ ಸಿಕ್ಕಿದ್ದ, ಅಷ್ಟೇ.

ಈಗ ನಿಮ್ಮ ಆಟಕ್ಕೆ ಬರೋಣ. ಇದರ ನಿಯಮಗಳು ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಐದನೆಯ ಆವೃತ್ತಿಯನ್ನು ಆಧರಿಸಿವೆ, ಇಲ್ಲಿ ಎಲ್ಲವೂ ಟರ್ನ್‌ಗಳ, ಅಂದರೆ ಸರದಿಗಳ, ಲೆಕ್ಕ. ನಿಮ್ಮ ಕಡೆ ನಾಲ್ವರು, ಎದುರು ಏಳು ಗಾಬ್ಲಿನ್‌ಗಳು ಇದ್ದರೆ ಒಂದು ಸುತ್ತಿನಲ್ಲಿ ನಿಮಗೆ ನಾಲ್ಕು ಹೊಡೆತ, ಅವರಿಗೆ ಏಳು. ಆ ಏಳನ್ನು ಕಡಿಮೆ ಮಾಡುವುದು ಅಥವಾ ನಿಮ್ಮ ನಾಲ್ಕಕ್ಕೆ ಬಲ ಕೂಡಿಸುವುದು ತಂಡದ ನಿಜವಾದ ಕೆಲಸ. ನಿಮ್ಮ ಈಗಿನ ತಂಡದಲ್ಲಿ ಮೂವರು ಒಂದೇ ಕೆಲಸ ಮಾಡುತ್ತಿದ್ದಾರೆ: ಹತ್ತಿರ ಹೋಗಿ ಹೊಡೆಯುವುದು. ಮಿಕ್ಕ ಎಲ್ಲವೂ ವಿಝಾರ್ಡ್ ಒಬ್ಬನ ತಲೆಯ ಮೇಲೆ ಬಿದ್ದಿದೆ. ದೇಹದಾರ್ಢ್ಯದ ಮಾಡಿಫೈಯರ್ (ಆ ಗುಣಕ್ಕೆ ಸಿಗುವ ಕೂಡಿಕೆ) +2 ಇದ್ದರೆ ಮೊದಲ ಲೆವೆಲ್‌ನಲ್ಲಿ ಬಾರ್ಬೇರಿಯನ್‌ಗೆ 14 ಹಿಟ್ ಪಾಯಿಂಟ್ (ಪೆಟ್ಟು ತಾಳುವ ಜೀವದ ಅಂಕ), ವಿಝಾರ್ಡ್‌ಗೆ ಕೇವಲ 8. ಎರಡು ಬಾಣ ತಗುಲಿದರೆ ಅವನ ಕಥೆ ಮುಗಿಯುತ್ತದೆ, ಅವನ ಜೊತೆಗೆ ಆ ಕೆಲಸಗಳೆಲ್ಲವೂ ಮುಗಿಯುತ್ತವೆ.

ಕ್ಲೆರಿಕ್ ಬಂದರೆ ಏನಾಗುತ್ತದೆ ಎಂಬುದನ್ನು ಒಂದೇ ಒಂದು ಸ್ಪೆಲ್ (ಮಂತ್ರ) ಇಟ್ಟುಕೊಂಡು ಲೆಕ್ಕ ಹಾಕಿ ತೋರಿಸುತ್ತೇನೆ. ಬ್ಲೆಸ್ ಎಂಬ ಮೊದಲ ಹಂತದ ಸ್ಪೆಲ್ ಮೂವರಿಗೆ ಅವರ ದಾಳಿಯ ದಾಳದ ಮೇಲೆ ಇನ್ನೊಂದು ನಾಲ್ಕು ಮುಖದ ದಾಳವನ್ನು ಕೂಡಿಸುತ್ತದೆ, ಅಂದರೆ ಸರಾಸರಿ 2.5. ಇಪ್ಪತ್ತು ಮುಖದ ದಾಳದಲ್ಲಿ ಇದು 12.5 ಶೇಕಡಾ ಅಂಶ. ನಿಮ್ಮವರ ಹೊಡೆತ ತಗಲುವ ಸಾಧ್ಯತೆ 60 ಶೇಕಡಾ ಇದ್ದದ್ದು 72.5 ಆಗುತ್ತದೆ. ಮೂವರು ತಲಾ ಒಂದು ಸಲ ಹೊಡೆದರೆ ಪ್ರತಿ ಸುತ್ತಿನಲ್ಲಿ ಸರಾಸರಿ 0.375 ಹೊಡೆತ ಹೆಚ್ಚು ತಗಲುತ್ತದೆ. ಕ್ಲೆರಿಕ್ ಆ ಟರ್ನ್‌ನಲ್ಲಿ ಬ್ಲೆಸ್ ಬಿಟ್ಟು ತಾನೇ ಗದೆ ಬೀಸಿದ್ದರೆ ಸಿಗುತ್ತಿದ್ದದ್ದು 0.6 ಹೊಡೆತ. ಅಂದರೆ ಕಾಳಗ ಎರಡು ಸುತ್ತು ನಡೆದರೆ ಸಾಕು, ಬ್ಲೆಸ್ ಹಾಕಿದ್ದೇ ಲಾಭ. ಐದನೇ ಲೆವೆಲ್‌ನಲ್ಲಿ ಫೈಟರ್‌ಗೂ ಬಾರ್ಬೇರಿಯನ್‌ಗೂ ಟರ್ನ್‌ಗೆ ಎರಡು ಹೊಡೆತ ಸಿಗತೊಡಗಿದ ಮೇಲೆ ಲಾಭ ಇನ್ನೂ ಬೇಗ ಬರುತ್ತದೆ. ಹೊಸಬರು ಬ್ಲೆಸ್ ಹಾಕಿದಾಗ ಪರದೆಯ ಮೇಲೆ ಏನೂ ಸಿಡಿಯುವುದಿಲ್ಲವಾದ್ದರಿಂದ ಅದನ್ನು ಉಪೇಕ್ಷಿಸುತ್ತಾರೆ. ನಾನೂ ಬಹಳ ಕಾಲ ಉಪೇಕ್ಷಿಸಿದ್ದೆ.

ಇದರ ಬೆನ್ನಿಗೇ ಒಂದು ಎಚ್ಚರಿಕೆ ಇದೆ, ಅದೇ ಕಾನ್ಸಂಟ್ರೇಷನ್, ಅಂದರೆ ಸ್ಪೆಲ್ ನಡೆಯುತ್ತಿರಲು ಅದನ್ನು ಹಾಕಿದವನು ಇಟ್ಟುಕೊಳ್ಳಬೇಕಾದ ಏಕಾಗ್ರತೆ. ಬ್ಲೆಸ್, ವೆಬ್, ಹೋಲ್ಡ್ ಪರ್ಸನ್, ಹೇಸ್ಟ್, ಹಿಪ್ನಾಟಿಕ್ ಪ್ಯಾಟರ್ನ್ ಮೊದಲಾದ ಒಳ್ಳೊಳ್ಳೆಯ ಸ್ಪೆಲ್‌ಗಳಿಗೆಲ್ಲ ಅದು ಬೇಕು, ಒಬ್ಬ ವ್ಯಕ್ತಿ ಒಂದು ಸಮಯಕ್ಕೆ ಒಂದನ್ನೇ ಹಿಡಿದಿಟ್ಟುಕೊಳ್ಳಬಲ್ಲ, ಪೆಟ್ಟು ಬಿದ್ದಾಗ ದಾಳ ಸರಿಯಾಗಿ ಬೀಳದಿದ್ದರೆ ಅದೂ ಕೈತಪ್ಪಿಹೋಗುತ್ತದೆ. ಆದ್ದರಿಂದ ಇಂಥ ಐದು ಸ್ಪೆಲ್ ಕಲಿತ ವಿಝಾರ್ಡ್ ನಿಜಕ್ಕೂ ಒಂದೇ ಸ್ಪೆಲ್‌ನ ವಿಝಾರ್ಡ್. ತಂಡದಲ್ಲಿ ಮಂತ್ರ ಹಾಕುವವರು ಇಬ್ಬರಿದ್ದರೆ ಎರಡು ಕಾನ್ಸಂಟ್ರೇಷನ್ ಏಕಕಾಲಕ್ಕೆ ನಡೆಯುತ್ತವೆ. ಒಬ್ಬ ಶತ್ರುಗಳನ್ನು ಕಟ್ಟಿಹಾಕುತ್ತಾನೆ, ಇನ್ನೊಬ್ಬ ನಿಮ್ಮವರಿಗೆ ಬಲ ಕೊಡುತ್ತಾನೆ. ನಾಲ್ವರ ತಂಡಕ್ಕೆ ಇಬ್ಬರು ಮಂತ್ರಗಾರರು ಬೇಕು ಎಂದು ನಾನು ಹೇಳುವುದಕ್ಕೆ ಇದೇ ಕಾರಣ. ಕೆರಳಿದ ಬಾರ್ಬೇರಿಯನ್ ಸ್ಪೆಲ್ ಹಾಕಲೂ ಆಗದು, ಹಿಡಿದಿಟ್ಟುಕೊಳ್ಳಲೂ ಆಗದು ಎಂಬುದನ್ನೂ ನೆನಪಿಡಿ. ಅವನಿಗೆ ಮಂತ್ರ ಕಲಿಸಲು ಹೋಗಬೇಡಿ.

ಟ್ಯಾಂಕ್ ಎಂಬ ಮಾತನ್ನು ನೀವು ಕೇಳಿರಬಹುದು: ಮುಂದೆ ನಿಂತು ಏಟು ತಿನ್ನುವವನು. ಅವನು ಎಷ್ಟು ಉಪಯುಕ್ತ ಎಂಬುದು ಕೂಡ ಆಟದಿಂದ ಆಟಕ್ಕೆ ಬದಲಾಗುತ್ತದೆ. 2015ರ ಪಿಲ್ಲರ್ಸ್ ಆಫ್ ಎಟರ್ನಿಟಿಯಲ್ಲಿ ಫೈಟರ್ ತನ್ನ ಎದುರಿನ ಹಲವು ಶತ್ರುಗಳನ್ನು ಒಟ್ಟಿಗೆ ತಡೆದು ನಿಲ್ಲಿಸಬಲ್ಲ, ಬಿಡಿಸಿಕೊಂಡು ಓಡಿದವರಿಗೆ ಬಿಟ್ಟಿ ಪೆಟ್ಟು ಬೀಳುತ್ತದೆ. ನಿಮ್ಮ ಆಟದಲ್ಲಿ ಒಬ್ಬನಿಗೆ ಒಂದು ಸುತ್ತಿನಲ್ಲಿ ಒಂದೇ ರಿಯಾಕ್ಷನ್, ಅಂದರೆ ತನ್ನ ಸರದಿಯಲ್ಲದಾಗ ಹೊಡೆಯುವ ಒಂದೇ ಅವಕಾಶ. ಒಬ್ಬ ಗಾಬ್ಲಿನ್ ಅದನ್ನು ತಿಂದರೆ ಉಳಿದವರು ಪಕ್ಕದಲ್ಲೇ ನಡೆದುಕೊಂಡು ಹೋಗಿ ವಿಝಾರ್ಡ್‌ನನ್ನು ಹಿಡಿಯುತ್ತಾರೆ. ಆದುದರಿಂದ ಇಲ್ಲಿ ಗೋಡೆಯ ಕೆಲಸವನ್ನು ಮನುಷ್ಯರಿಗಿಂತ ಬಾಗಿಲು, ಏಣಿ, ಎತ್ತರದ ಜಾಗಗಳು ಚೆನ್ನಾಗಿ ಮಾಡುತ್ತವೆ. ವಿಝಾರ್ಡ್ ಮನುಷ್ಯ ಕುಲದವನಾಗಿದ್ದರೆ ಅವನಿಗೆ ಗುರಾಣಿಯ ತರಬೇತಿ ಹುಟ್ಟಿನಿಂದಲೇ ಇರುತ್ತದೆ. ಮೇಜ್ ಆರ್ಮರ್ ಎಂಬ ರಕ್ಷಣೆಯ ಸ್ಪೆಲ್ ಹಾಕಿಸಿ ಕೈಗೆ ಒಂದು ಗುರಾಣಿ ಕೊಟ್ಟರೆ ಆರ್ಮರ್ ಕ್ಲಾಸ್ (ಅವನಿಗೆ ಏಟು ತಗಲುವುದು ಎಷ್ಟು ಕಷ್ಟ ಎಂಬ ಅಂಕ) ಇನ್ನೂ ಎರಡು ಏರುತ್ತದೆ. ಗುರಾಣಿ ಹಿಡಿದ ಮಾಂತ್ರಿಕ ನೋಡಲು ವಿಚಿತ್ರವಾಗಿ ಕಾಣುತ್ತಾನೆ, ಆದರೆ ಬದುಕಿರುತ್ತಾನೆ.

ಹೀಲರ್, ಅಂದರೆ ಗಾಯ ಮಾಯಿಸುವವನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಳಗದ ನಡುವೆ ಹಿಟ್ ಪಾಯಿಂಟ್ ತುಂಬಿಸುತ್ತ ಕೂರುವುದು ಈ ನಿಯಮಗಳಲ್ಲಿ ನಷ್ಟದ ಬಾಬತ್ತು, ಏಕೆಂದರೆ ಶತ್ರುವಿನ ಒಂದು ಏಟು ನೀವು ತುಂಬಿಸಿದ್ದಕ್ಕಿಂತ ಹೆಚ್ಚನ್ನು ಕಿತ್ತುಕೊಳ್ಳುತ್ತದೆ. ಬಿದ್ದವನನ್ನು ಎಬ್ಬಿಸಲು ಒಂದೇ ಪಾಯಿಂಟ್ ಸಾಕು. ದೂರದಿಂದಲೇ ಬೋನಸ್ ಆಕ್ಷನ್‌ನಲ್ಲಿ (ಟರ್ನ್‌ನ ಮುಖ್ಯ ಕೆಲಸದ ಜೊತೆಗೆ ಸಿಗುವ ಸಣ್ಣ ಕೆಲಸದಲ್ಲಿ) ಹಾಕಬಹುದಾದ ಹೀಲಿಂಗ್ ವರ್ಡ್ ಸ್ಪೆಲ್ ಆ ಕೆಲಸದ ಒಂದು ಪಾಲು; ಮದ್ದಿನ ಸೀಸೆಯನ್ನು ಬಿದ್ದವನ ಮೇಲೆ ಎಸೆದರೂ ಅವನು ಏಳುತ್ತಾನೆ, ಅದು ಮಿಕ್ಕ ಅರ್ಧ ಪಾಲು. ಸೀಸೆಗಳನ್ನು ಒಬ್ಬನ ಚೀಲದಲ್ಲೇ ತುಂಬಿಡಬೇಡಿ, ನಾಲ್ವರಿಗೂ ಹಂಚಿ.

ಬೀಗ ಮತ್ತು ಬಲೆಗಳಿಗೆ ಕಳ್ಳ ಬೇಕೇ ಬೇಕು ಎಂಬುದು 1998ರ ಮೊದಲ ಬಾಲ್ಡರ್ಸ್ ಗೇಟ್‌ನ ಕಾಲದ ಮಾತು. ನಿಮ್ಮ ಆಟದಲ್ಲಿ ಚುರುಕುತನ ಚೆನ್ನಾಗಿರುವ ಯಾರಾದರೂ ಸಲಕರಣೆ ಹಿಡಿದು ಪ್ರಯತ್ನಿಸಬಹುದು, ಕ್ಲೆರಿಕ್‌ನ ಗೈಡೆನ್ಸ್ ಸ್ಪೆಲ್ ಅದಕ್ಕೆ ಇನ್ನೊಂದು ದಾಳ ಕೂಡಿಸುತ್ತದೆ. ಮಾತಿನ ಕೌಶಲದಲ್ಲಿ ಮಾತ್ರ ಜಾಗ್ರತೆ: ಇಲ್ಲಿ ಸಂಭಾಷಣೆಯಲ್ಲಿ ನಿಂತವನ ಅಂಕಿಯೇ ಲೆಕ್ಕಕ್ಕೆ ಬರುತ್ತದೆ.

ಸಮತೋಲನವೇ ತಪ್ಪಾಗುವ ಆಟಗಳೂ ಇವೆ, ಮುಂದೆ ನೀವು ಅವನ್ನು ಆಡಬಹುದೆಂದು ಹೇಳುತ್ತಿದ್ದೇನೆ. 2017ರ ಡಿವಿನಿಟಿ: ಒರಿಜಿನಲ್ ಸಿನ್ 2ರಲ್ಲಿ ಶತ್ರುವಿಗೆ ದೈಹಿಕ ಕವಚ, ಮಾಂತ್ರಿಕ ಕವಚ ಎಂದು ಎರಡಿರುತ್ತವೆ. ಎರಡೂ ತಲಾ 100, ಜೀವ 200, ನಿಮ್ಮವರ ಏಟು ತಲಾ 50 ಎಂದು ಇಟ್ಟುಕೊಳ್ಳಿ. ಇಬ್ಬರು ಕತ್ತಿಯಿಂದ, ಇಬ್ಬರು ಮಂತ್ರದಿಂದ ಹೊಡೆದರೆ ಮೊದಲ ಸುತ್ತು ಪೂರ್ತಿ ಎರಡು ಕವಚ ಒಡೆಯುವುದಕ್ಕೇ ಹೋಗುತ್ತದೆ, ಶತ್ರು ಸಾಯುವುದು ಎಂಟನೆಯ ಏಟಿಗೆ. ನಾಲ್ವರೂ ಕತ್ತಿಯವರಾದರೆ ಆರನೆಯ ಏಟಿಗೇ ಮುಗಿಯುತ್ತದೆ. ಮೂರನೆಯ ಏಟಿನ ಹೊತ್ತಿಗಾಗಲೇ ಅವನನ್ನು ಕೆಡವಿ ಅವನ ಟರ್ನ್ ಕಸಿದುಕೊಳ್ಳಬಹುದು.

ನಿಮ್ಮ ತಂಡಕ್ಕೆ ನಾನು ಮಾಡುವ ಬದಲಾವಣೆ ಎರಡೇ. ಒಬ್ಬ ಫೈಟರ್‌ನನ್ನು ಕ್ಲೆರಿಕ್ ಮಾಡಿಸಿ. ಇನ್ನೊಬ್ಬ ಫೈಟರ್‌ಗೆ ಶಕ್ತಿಯ ಬದಲು ಚುರುಕುತನ ಏರಿಸಿ, ಆರ್ಚರಿ ಶೈಲಿ ಕೊಟ್ಟು, ಕೈಗೆ ಬಿಲ್ಲು ಕೊಡಿ. ದಾಳಿಗೆ +2 ಸಿಗುತ್ತದೆ, ಬೀಗದ ಕೆಲಸವೂ ಅವನದೇ ಆಗುತ್ತದೆ. ಬಾರ್ಬೇರಿಯನ್ ಬಾಗಿಲಲ್ಲಿ ನಿಲ್ಲಲಿ, ವಿಝಾರ್ಡ್ ಗುರಾಣಿ ಹಿಡಿದು ಅವನ ಹಿಂದೆ ದೂರದಲ್ಲಿರಲಿ. ಆಮೇಲೆ ಒಂದು ಸಣ್ಣ ಕಾಳಗಕ್ಕೆ ಮುಂಚೆ ಆಟವನ್ನು ಸೇವ್ ಮಾಡಿ, ಬೇಕೆಂದೇ ಕ್ಲೆರಿಕ್‌ನನ್ನು ಎಲ್ಲರಿಗಿಂತ ಮುಂದೆ ಕಳುಹಿಸಿ ಬೀಳಲು ಬಿಡಿ. ಆಗ ಅವನನ್ನು ಎಬ್ಬಿಸಲು ಯಾರ ಟರ್ನ್ ಖಾಲಿ ಇದೆ, ಯಾರ ಚೀಲದಲ್ಲಿ ಸೀಸೆ ಇದೆ ಎಂದು ನೋಡಿಕೊಳ್ಳಿ. ಯಾರೂ ಸಿಗದಿದ್ದರೆ ವಿದರ್ಸ್ ಬಳಿ ಇನ್ನೊಮ್ಮೆ ಹೋಗಬೇಕಾಗುತ್ತದೆ, ಇನ್ನೂ 100 ನಾಣ್ಯ ತೆಗೆದಿಟ್ಟುಕೊಳ್ಳಿ.