ಗಿಟಾರ್ ಆಂಪ್ಲಿಫೈಯರ್ ಗುಂಯ್‌ಗುಟ್ಟುವುದೇಕೆ?

ಪ್ರಶ್ನೆ: ನಾನು ಚಿಂತಾಮಣಿಯವನು, ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ. ಮನೆಯಲ್ಲಿ ಅಭ್ಯಾಸಕ್ಕೆ ಕುಳಿತರೆ ಆಂಪ್ಲಿಫೈಯರ್ ಸದಾ ಗುಂಯ್‌ಗುಡುತ್ತದೆ, ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುತ್ತದೆ. ಗಿಟಾರ್ ಹಿಡಿದುಕೊಂಡೇ ಹಾಡಲು ಹೋಗಿ ತುಟಿ ಮೈಕಿಗೆ ತಾಗಿದರೆ ಚುರ್ರೆಂದು ಷಾಕ್ ಹೊಡೆಯುತ್ತದೆ. ಆಂಪ್ಲಿಫೈಯರ್ ಪ್ಲಗ್ಗಿನ ದಪ್ಪ ಪಿನ್ ಕಿತ್ತರೆ ಸದ್ದು ನಿಲ್ಲುತ್ತದೆಂದು ಗೆಳೆಯರೊಬ್ಬರು ಹೇಳುತ್ತಾರೆ. ಕೀಳಬಹುದೇ?

ಉತ್ತರ: ದಯವಿಟ್ಟು ಕೀಳಬೇಡಿ. ಆ ದಪ್ಪ ಪಿನ್ ಅರ್ಥಿಂಗಿನದು. ಆಂಪ್ಲಿಫೈಯರಿನ ಒಳಗೆ ಫೇಸ್ ತಂತಿ ಸಡಿಲವಾಗಿ ಲೋಹದ ಪೆಟ್ಟಿಗೆಗೆ ತಾಗಿದರೆ, ಗಿಟಾರಿನ ತಂತಿಗಳ ಮೂಲಕ 230 ವೋಲ್ಟ್ ನಿಮ್ಮ ಕೈಗೆ ಬಾರದಂತೆ ಕಾಯುವುದು ಅದೇ. ತುಟಿಗೆ ಹೊಡೆಯುವ ಷಾಕ್ ಈಗಾಗಲೇ ಎಚ್ಚರಿಕೆ ಕೊಡುತ್ತಿದೆ: ಮೈಕಿನ ಉಪಕರಣ ಮತ್ತು ಆಂಪ್ಲಿಫೈಯರ್ ಎರಡರಲ್ಲಿ ಒಂದಕ್ಕಾದರೂ ಅರ್ಥಿಂಗ್ ಸರಿಯಿಲ್ಲ, ನಡುವೆ ನಿಂತ ನಿಮ್ಮ ಮೈಯೇ ತಂತಿಯಾಗಿದೆ. ಎಲೆಕ್ಟ್ರಿಷಿಯನ್ ಬಂದು ಸಾಕೆಟ್ಟುಗಳನ್ನೂ ಅರ್ಥಿಂಗ್ ಗುಂಡಿಯನ್ನೂ ಪರೀಕ್ಷಿಸುವವರೆಗೆ ಮೈಕು, ಗಿಟಾರು ಎರಡನ್ನೂ ಒಟ್ಟಿಗೆ ಬಳಸಬೇಡಿ. ನಮ್ಮ ಬಯಲುಸೀಮೆಯಲ್ಲಿ ಬೇಸಿಗೆ ಬಂತೆಂದರೆ ಗುಂಡಿಯ ಮಣ್ಣು ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ. ಇದ್ದಿಲು, ಉಪ್ಪು ತುಂಬಿದ ಹಳೆಯ ಗುಂಡಿಗೆ ಆಗಾಗ ನೀರು ಹಾಕಲೇಬೇಕು.

ಪಿನ್ ಕಿತ್ತಾಗ ಕೆಲವೊಮ್ಮೆ ಸದ್ದು ನಿಲ್ಲುವುದೂ ನಿಜವೇ. ಕೇಬಲ್ಲಿನಿಂದ ಸೇರಿಸಿದ ಎರಡು ಉಪಕರಣಗಳು ದೂರದೂರದ ಸಾಕೆಟ್ಟುಗಳಲ್ಲಿದ್ದರೆ ಅರ್ಥಿಂಗ್ ತಂತಿಗಳೇ ಒಂದು ಸುತ್ತು ಕಟ್ಟಿಕೊಂಡು ಗುಂಯ್‌ಗುಟ್ಟುತ್ತವೆ. ಅದಕ್ಕೆ ಎರಡನ್ನೂ ಅರ್ಥಿಂಗ್ ಸರಿಯಿರುವ ಒಂದೇ ಬೋರ್ಡಿಗೆ ಸಿಕ್ಕಿಸಿ ನೋಡಬೇಕೇ ಹೊರತು ಪಿನ್ ಕೀಳಬಾರದು.

ವೈರಿಂಗ್ ಸರಿಯಾದ ಮೇಲೂ ಸದ್ದು ಉಳಿದರೆ ಅದು ಎಲ್ಲಿ ಹುಟ್ಟುತ್ತದೆಂದು ಹುಡುಕೋಣ. ಆಂಪ್ಲಿಫೈಯರಿನಿಂದ ಗಿಟಾರ್ ಕೇಬಲ್ ಕೀಳಿ. ಸದ್ದು ನಿಂತರೆ ತೊಂದರೆ ಕೇಬಲ್ಲಿನಲ್ಲೋ ಗಿಟಾರಿನಲ್ಲೋ ಕೋಣೆಯಲ್ಲೋ ಇದೆ. ಮೊದಲು ಬೇರೆ ಕೇಬಲ್ ಹಾಕಿ ನೋಡಿ. ಆಮೇಲೆ ಗಿಟಾರ್ ಹಿಡಿದು ಕುಳಿತಲ್ಲೇ ನಿಧಾನವಾಗಿ ಸುತ್ತ ತಿರುಗಿ. ಒಂದು ದಿಕ್ಕಿನಲ್ಲಿ ಸದ್ದು ಏರಿ ಇನ್ನೊಂದರಲ್ಲಿ ಇಳಿದರೆ, ಪಿಕಪ್ಪಿನ (ಗಿಟಾರ್ ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಸುರುಳಿ ಸುತ್ತಲಿನ 50 ಹರ್ಟ್ಸ್ ಕರೆಂಟಿನ ಸದ್ದನ್ನು ಹಿಡಿಯುತ್ತಿದೆಯೆಂದೇ ಅರ್ಥ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ದೀಪ, ಚಾರ್ಜರುಗಳನ್ನು ಒಂದೊಂದಾಗಿ ಆರಿಸಿ ಕೇಳಿ. ಒಂದೇ ಸುರುಳಿಯ ಪಿಕಪ್ಪಿಗೆ ಈ ತೊಂದರೆ ಹುಟ್ಟಿನಿಂದಲೇ ಬಂದದ್ದು. ಅದಕ್ಕೆಂದೇ ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ, ಎರಡು ಸುರುಳಿಗಳು ಹಿಡಿದ ಸದ್ದು ಒಂದನ್ನೊಂದು ಅಳಿಸಿಹಾಕುವಂತಹ ಹಂಬಕರ್ ಪಿಕಪ್ ರೂಪಿಸಿದರು.

ಕೇಬಲ್ ಕಿತ್ತು, ವಾಲ್ಯೂಮನ್ನು ಸೊನ್ನೆಗೆ ತಂದರೂ ಸದ್ದು ಒಂದೇ ಸಮನೆ ಇದ್ದರೆ ಪವರ್ ಸಪ್ಲೈಯಲ್ಲಿ ಕರೆಂಟಿನ ಏರಿಳಿತವನ್ನು ಸಮಮಾಡುವ ಫಿಲ್ಟರ್ ಕೆಪಾಸಿಟರುಗಳ ಮೇಲೆ ಅನುಮಾನಪಡಬೇಕು. ಹಳತಾದಂತೆ ಅವು ಒಳಗೇ ಒಣಗಿ, ಕೆಲವೊಮ್ಮೆ ತಲೆ ಉಬ್ಬಿಕೊಂಡು, 100 ಹರ್ಟ್ಸ್ ಸದ್ದನ್ನು ಸ್ಪೀಕರಿಗೆ ಬಿಟ್ಟುಬಿಡುತ್ತವೆ. ಇದನ್ನು ನೀವೇ ಬಿಚ್ಚಿ ನೋಡಬೇಡಿ. ಗಾಜಿನ ವಾಲ್ವುಗಳಿಂದ ನಡೆಯುವ ವಾಲ್ವ್ ಆಂಪ್ಲಿಫೈಯರಿನಲ್ಲಿ ಪ್ಲಗ್ ಕಿತ್ತ ಮೇಲೂ 400 ವೋಲ್ಟಿನಷ್ಟು ಉಳಿದಿರಬಹುದು.

ಕರಕರ ಸದ್ದು ಸಾಮಾನ್ಯವಾಗಿ ವಾಲ್ಯೂಮ್ ಕಂಟ್ರೋಲಿನೊಳಗೆ ಸೇರಿದ ಧೂಳಿನದು. ರಿಪೇರಿಯವರು ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಗುಬುಟನ್ನು ಹತ್ತಿಪ್ಪತ್ತು ಬಾರಿ ಆ ಕಡೆ ಈ ಕಡೆ ತಿರುಗಿಸಿದರೆ ಬಹುಮಟ್ಟಿಗೆ ಹೋಗುತ್ತದೆ. ಹೋಗದಿದ್ದರೆ ಕಂಟ್ರೋಲನ್ನೇ ಬದಲಾಯಿಸಬೇಕು. ಅವರ ಬಳಿಗೆ ಹೋಗುವಾಗ ಕೇಬಲ್ ಕಿತ್ತಾಗ ಏನಾಯಿತು, ವಾಲ್ಯೂಮ್ ಇಳಿಸಿದಾಗ ಏನಾಯಿತು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅವರ ಅರ್ಧ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ.