ಜಾಮ್ ಆದ ವಿಲ್ಲಿಸ್ ಪಿಕಪ್: ಪೇಂಟ್ ಮೊದಲಾ, ಇಂಜಿನ್ ಮೊದಲಾ?

ನಿಮ್ಮ ತಾತನ ವಿಲ್ಲಿಸ್ (ಹಳೆಯ ಅಮೆರಿಕನ್ ಜೀಪ್ ಕಂಪನಿ) ಪಿಕಪ್ 12 ವರ್ಷದಿಂದ ಕೊಟ್ಟಿಗೆಯಲ್ಲಿ ನಿಂತಿದೆ, ಇಂಜಿನ್ ಜಾಮ್ ಆಗಿದೆ, ಮೊದಲು ಪೇಂಟ್ ಹೊಡೆಸಲಾ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ನಾನೂ ಇಂಥದ್ದೇ ಗಾಡಿಗೆ ಮೊದಲು ಪೇಂಟ್ ಮಾಡಿಸಿದ್ದೆ. ಆಮೇಲೆ ನೆಲದ ತಗಡು ವೆಲ್ಡ್ ಮಾಡಬೇಕಾಯಿತು, ಹೊಸ ಬಣ್ಣ ಸುಟ್ಟು ಹೋಯಿತು. ತುಂಬಾ ಬೇಜಾರಾಯಿತು.

ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯಲೇಬೇಡಿ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ. ಪ್ರತಿ ಸಿಲಿಂಡರ್‌ಗೂ ಸ್ವಲ್ಪ ಡೀಸೆಲ್ ಮತ್ತು ಗೇರ್ ಆಯಿಲ್ ಬೆರೆಸಿ ಹಾಕಿ, ಒಂದು ವಾರ ಬಿಡಿ. ಇಳಿದು ಹೋದರೆ ಮತ್ತೆ ಹಾಕಿ. ನಂತರ ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಪುಲ್ಲಿಯ (ಇಂಜಿನ್ ಮುಂದೆ ಕೆಳಗಿರುವ, ಬೆಲ್ಟ್ ಓಡುವ ಚಕ್ರ) ನಟ್‌ಗೆ ಉದ್ದದ ಸ್ಪ್ಯಾನರ್ ಹಾಕಿ ಆ ಕಡೆ ಈ ಕಡೆ ಮೆಲ್ಲಗೆ ಅಲ್ಲಾಡಿಸಿ. ಒಂದೆರಡು ಡಿಗ್ರಿ ಅಲ್ಲಾಡಿದರೂ ಸಾಕು, ಅದು ಒಳ್ಳೆಯ ಲಕ್ಷಣ. ಜೋರು ಮಾಡಿದರೆ ಪಿಸ್ಟನ್ ರಿಂಗ್ ಮುರಿಯಬಹುದು.

ನಿಮ್ಮದು ವಿಲ್ಲಿಸ್‌ನದೇ ಹರಿಕೇನ್ ಎಂಬ ಇಂಜಿನ್ ಆಗಿದ್ದರೆ ಇನ್ನೊಂದು ವಿಷಯ. ಅದರಲ್ಲಿ ಇನ್‌ಟೇಕ್ ವಾಲ್ವ್ (ಗಾಳಿ-ಪೆಟ್ರೋಲ್ ಒಳಬಿಡುವುದು) ಮೇಲಿನ ಹೆಡ್‌ನಲ್ಲಿದೆ, ಎಕ್ಸಾಸ್ಟ್ ವಾಲ್ವ್ (ಹೊಗೆ ಹೊರಬಿಡುವುದು) ಮಾತ್ರ ಕೆಳಗಿನ ಬ್ಲಾಕ್‌ನಲ್ಲೇ ಇದೆ. ತೇವಕ್ಕೆ ಈ ಎಕ್ಸಾಸ್ಟ್ ವಾಲ್ವ್‌ಗಳು ಅಂಟಿಕೊಳ್ಳುವುದು ಜಾಸ್ತಿ. ಬ್ಲಾಕ್ ಪಕ್ಕದ ಕವರ್ ಬಿಚ್ಚಿ ನೋಡಿ.

ಇಂಜಿನ್ ಬಿಟ್ಟುಕೊಂಡ ಮೇಲೆ ಹಳೆ ಆಯಿಲ್ ಪೂರ್ತಿ ಇಳಿಸಿ. ಹಾಕಿದ ಡೀಸೆಲ್ ಕೆಳಗೆ ಸಂಪ್‌ಗೇ (ಇಂಜಿನ್ ತಳದ ಆಯಿಲ್ ತೊಟ್ಟಿ) ಸೇರಿರುತ್ತದೆ ಅಲ್ವಾ? ಆಮೇಲೆ ಬ್ರೇಕ್ ಸಿಲಿಂಡರ್, ಪೈಪುಗಳು. ನಂತರ ತಗಡು ಕೆಲಸ, ಪೇಂಟ್ ಕೊನೆಗೆ. ಬಿಚ್ಚುವ ಪ್ರತಿ ಬೋಲ್ಟಿಗೂ ಫೋಟೋ ತೆಗೆದು ಡಬ್ಬಿಗೆ ಚೀಟಿ ಅಂಟಿಸಿ. ಇಂಥ ಕೆಲಸ ವರ್ಷಗಟ್ಟಲೆ ಎಳೆಯುತ್ತದೆ, ಆಗ ಆ ಚೀಟಿಯೇ ಕೈಹಿಡಿಯುತ್ತದೆ.

ಪುಲ್ಲಿ ಅಲ್ಲಾಡಿತಾ ಇಲ್ವಾ, ಬರೆಯಿರಿ.